ಎಪ್ಪತ್ತು ಸೆಂಟು ಮಳೆ

ನಮ್ಮ ತೋಟದ ಮೇಲಿನ ಬೇಲಿ ಮುಗಿದಲ್ಲಿ ಸರ್ಕಾರದ ಕಾಡು ಶುರುವಾಗುತ್ತದೆ. ನಡುವೆ ಪಾಚಿ ಹಿಡಿದ ಗಡಿಕಲ್ಲುಗಳ ಒಂದು ಸಾಲು, ಅಷ್ಟೇ. ಅದನ್ನು ದಾಟಿ ಅರ್ಧ ಗಂಟೆ ಏರಿದರೆ ಮರಗಳು ಒಮ್ಮೆಲೇ ಮುಗಿದುಹೋಗಿ ಹುಲ್ಲಿನ ಗುಡ್ಡಗಳು ತೆರೆದುಕೊಳ್ಳುತ್ತವೆ. ಬೆಳಿಗ್ಗೆ ದೇವರಮನೆ ಗುಡ್ಡದ ದಿಕ್ಕಿನಿಂದ ಮಂಜು ಒಂದೊಂದೇ ಕಣಿವೆಯನ್ನು ತುಂಬಿಕೊಂಡು ಬರುತ್ತದೆ. ಆಗ ಗುಡ್ಡಗಳ ನೆತ್ತಿ ಮಾತ್ರ ಉಳಿಯುತ್ತದೆ. ಕೆಲವೊಮ್ಮೆ ಅಲ್ಲಿ ಕಾಟಿಗಳು, ಎಂದರೆ ಕಾಡುಕೋಣಗಳು, ನಿಂತಿರುತ್ತವೆ. ಬಿಳಿಯ ಕಾಲುಗಳು ಮಂಜಿನಲ್ಲಿ ಕರಗಿ, ಕಪ್ಪು ಮೈಗಳು ಮಾತ್ರ ನೆಲವಿಲ್ಲದೆ ತೇಲುತ್ತಿರುವಂತೆ ಕಾಣುತ್ತವೆ. ಎಷ್ಟು ವರ್ಷ ನೋಡಿದರೂ ಅದು ಎಚ್ಚರದಲ್ಲಿ ಕಂಡದ್ದೋ, ಎಚ್ಚರವಾಗುವ ಮುಂಚೆ ಕಂಡದ್ದೋ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಕಳೆದ ಮಾರ್ಚಿನಲ್ಲಿ ಅಲ್ಲಿ ನಡೆದದ್ದನ್ನು ನಾನು ಕಂಡಷ್ಟು, ಕಂಡ ಕ್ರಮದಲ್ಲೇ ಬರೆಯುತ್ತೇನೆ. ಅದರಲ್ಲಿ ನನ್ನ ಪಾಲೂ ಇದೆ.

ಹುಲ್ಲುಗುಡ್ಡಗಳ ನಡುವೆ ನೀರಿರುವ ಮಡಿಕೆಗಳಲ್ಲಿ ಕಾಡು ಮತ್ತೆ ಗುಂಪುಗಟ್ಟಿ ನಿಲ್ಲುತ್ತದೆ. ಅದಕ್ಕೆ ಶೋಲಾ ಎನ್ನುತ್ತಾರೆ. ಅಂಥ ಒಂದು ಶೋಲಾದ ಅಂಚಿನಿಂದ ಇಪ್ಪತ್ತು ಹೆಜ್ಜೆ ಒಳಗೆ ಒಂದು ಧೂಪದ ಮರವಿದೆ. ಅರವತ್ತು ಅಡಿ ಎತ್ತರದಲ್ಲಿ ಅದರ ಕಾಂಡದಲ್ಲಿ ಒಂದು ಪೊಟರೆ. ಜನವರಿ ಕೊನೆಯಲ್ಲಿ ಅದರೊಳಗೆ ದೊಡ್ಡ ಮಂಗಟ್ಟೆಯ ಹೆಣ್ಣು ಹೋಗಿ ಕೂತಿತು. ಈ ಹಕ್ಕಿಗಳ ರೀತಿ ಗೊತ್ತಿಲ್ಲದವರಿಗೆ ಹೇಳಬೇಕು: ಹೆಣ್ಣು ಮೊಟ್ಟೆ ಇಡಲು ಒಳಗೆ ಸೇರಿದ ಮೇಲೆ ಪೊಟರೆಯ ಬಾಯಿಯನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿ ಹೊರಬರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಕೂತು ರೆಕ್ಕೆಯ ಗರಿಗಳನ್ನು ಉದುರಿಸಿಬಿಡುತ್ತದೆ. ಆಮೇಲೆ ಏನೇ ಆದರೂ ಅದು ಹಾರಲಾರದು. ಮೂರು ತಿಂಗಳು, ಕೆಲವೊಮ್ಮೆ ನಾಲ್ಕು, ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಟ್ಟರೆ ಊಟ.

ನನಗೆ ಇದನ್ನು ತೋರಿಸಿದವರು ವಾಚರ್. ಬೇಸಿಗೆಯಲ್ಲಿ ಗುಡ್ಡದ ಬೆಂಕಿ ಕಾಯಲು ಇಲಾಖೆ ದಿನಗೂಲಿಗೆ ತೆಗೆದುಕೊಳ್ಳುವ ಐದು ಜನರಲ್ಲಿ ಹಿರಿಯರು. ಗುಡ್ಡದ ಮೇಲಿನ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ.

"ಬಾಗಿಲು ಹಾಕ್ಕೊಂಡ್ಲು ಅಮ್ಮಾ," ಎಂದು ಆ ದಿನ ಮರದ ಕೆಳಗೆ ನಿಂತು ಪಿಸುಗುಟ್ಟಿದ್ದರು. "ಇನ್ನು ಮಳೆಗಾಲ ಹತ್ರ ಬರೋ ತನಕ ದರ್ಶನ ಇಲ್ಲ. ಗಂಡ ತಂದು ಹಾಕ್ತಾನೆ, ಇವಳು ಕೂತು ತಿಂತಾಳೆ."

"ಪುಣ್ಯವಂತೆ. ನಿಮ್ಮ ಮನೇಲೂ ಹೀಗೇನಾ?"

"ನಮ್ಮ ಮನೇಲಿ ಹೊರಗೆ ಇರೋದು ನಾನಲ್ವಾ, ವರ್ಷಕ್ಕೆ ನಾಕು ತಿಂಗಳು. ಅವಳು ಬಾಗಿಲು ಹಾಕ್ಕೊಂಡ್ರೂ ನಂಗೆ ಗೊತ್ತಾಗಲ್ಲ ಬಿಡಿ."

ನಗುತ್ತಲೇ ಹೇಳಿದರು. ಆದರೆ ಆ ಪೊಟರೆಯ ವಿಷಯದಲ್ಲಿ ಅವರಿಗೆ ನಗು ಕಡಿಮೆ. ಹಿಂದಿನ ಎರಡು ವರ್ಷ ಅದು ಖಾಲಿ ಉಳಿದಿತ್ತು. ಬಾಯಿಗೆ ಬಳ್ಳಿ ಹೆಣೆದುಕೊಂಡಿತ್ತು. ಮಳೆಗಾಲ ಮುಗಿದ ಮೇಲೆ ಅವರೇ ಹಗ್ಗ ಕಟ್ಟಿ ಹತ್ತಿ, ಕತ್ತಿಯಿಂದ ಬಳ್ಳಿ ಸವರಿ ಬಂದಿದ್ದರು. ಹಾಗೆ ಮಾಡಲು ಯಾರೂ ಹೇಳಿರಲಿಲ್ಲ. ಮೂರನೇ ವರ್ಷ ಹಕ್ಕಿ ತಿರುಗಿ ಬಂತು. ಆ ಬೇಸಿಗೆ ಅವರು ಕಾಯುತ್ತಿದ್ದದ್ದು ಇಡೀ ಗುಡ್ಡವನ್ನೇ ಆದರೂ, ಬೆಂಕಿಯ ಮಾತು ಬಂದಾಗಲೆಲ್ಲ ಅವರ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಒಂದು ಮರದ ಕಡೆಗೆ.

ಇನ್ನು ಮಳೆ ಅಳೆಯುವ ವಿಷಯ. ನಮ್ಮ ಕಡೆಯ ಕಾಫಿ ತೋಟಗಳಲ್ಲಿ ಇದು ಮುಖ ತೊಳೆಯುವಷ್ಟೇ ದಿನನಿತ್ಯದ ಕೆಲಸ. ಅಂಗಳದ ಗಿಡ್ಡ ಕಟ್ಟೆಯ ಮೇಲೆ ತಗಡಿನ ರೇನ್ ಗೇಜ್, ಅದರೊಳಗೆ ನೀರು ಹಿಡಿಯುವ ಬಾಟಲಿ, ಪಕ್ಕದಲ್ಲಿ ಗೀಟು ಹಾಕಿದ ಗಾಜಿನ ಲೋಟ. ಬೆಳಿಗ್ಗೆ ಎಂಟಕ್ಕೆ ನೀರನ್ನು ಗಾಜಿಗೆ ಸುರಿದು ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ನೂರು ಸೆಂಟಿಗೆ ಒಂದು ಇಂಚು. ನೆಂಟರು ಫೋನ್ ಮಾಡಿದರೆ ಮೈ ಹುಷಾರಾ ಎನ್ನುವ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟು?" ಎನ್ನುತ್ತಾರೆ. ನಾನು ಈ ಮನೆಗೆ ಬಂದಾಗ ಅಳೆಯುವ ಕೆಲಸ ಮಾವನವರದಾಗಿತ್ತು. ಅವರ ನಂತರ ನನ್ನದಾಯಿತು. ನಾನು ಹೇಳಿದ ಸೆಂಟನ್ನು ಸುತ್ತಮುತ್ತ ಯಾರೂ ಅನುಮಾನಿಸುತ್ತಿರಲಿಲ್ಲ. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಮೇಲಿನ ಶೆಡ್ಡಿನಲ್ಲಿ ಗೇಜ್ ಇರಲಿಲ್ಲ. ಬೇಸಿಗೆಯಲ್ಲಿ ಒಂದು ಹನಿ ಬಿದ್ದರೂ ವಾಚರ್ ಬೆಳಿಗ್ಗೆ ನಮ್ಮ ಅಂಗಳಕ್ಕೆ ಇಳಿದು ಬರುತ್ತಿದ್ದರು. ಅರ್ಧ ಇಂಚು ದಾಟಿದರೆ ಎರಡು ದಿನ ಹುಲ್ಲಿಗೆ ಬೆಂಕಿ ಹಿಡಿಯುವುದಿಲ್ಲ ಎಂಬುದು ಅವರ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ಮಧ್ಯಾಹ್ನದೊಳಗೆ ಮತ್ತೆ ಒಣಗುತ್ತದೆ. ಅರ್ಧ ಇಂಚಾದ ದಿನ ಐವರೂ ಮನೆಗೆ ಹೋಗಿಬರುತ್ತಿದ್ದರು.

ಮಾರ್ಚಿನ ಮೊದಲಲ್ಲಿ ಶೋಲಾದ ಎದುರಿನ ಇಳಿಜಾರಿನಲ್ಲಿ ಬೆಂಕಿ ಎದ್ದಿತು. ಹೇಗೆಂದು ತಿಳಿಯಲಿಲ್ಲ. ಮೂರು ದಿನ ಹಸಿ ಸೊಪ್ಪಿನಿಂದ ಬಡಿದು ಅದನ್ನು ಆರಿಸಿದರು. ಆದರೆ ಬಿದ್ದ ಒಂದು ಹಳೆಯ ಮರದ ಕೊರಡು ಒಳಗೊಳಗೇ ಹೊಗೆಯಾಡುತ್ತ ಉಳಿಯಿತು. ಮಣ್ಣು ಹಾಕಿದರೆ ಒಂದು ಕಡೆ ಮುಚ್ಚುತ್ತಿತ್ತು, ಇನ್ನೊಂದು ಬಿರುಕಿನಲ್ಲಿ ಎಳೆಯಾಗಿ ಹೊಗೆ ಬರುತ್ತಿತ್ತು. ಸುತ್ತ ನೆಲ ಕೆರೆದು, ಸರದಿಯ ಮೇಲೆ ಒಬ್ಬರು ಅದರ ಪಕ್ಕ ಕೂತಿರುತ್ತಿದ್ದರು. ಹತ್ತು ದಿನ ಯಾರೂ ಮನೆಗೆ ಹೋಗಲಿಲ್ಲ.

ಹತ್ತನೆಯ ದಿನ ಸಂಜೆ ಗುಡುಗಿತು. ಸಣ್ಣ ಹನಿ ಬಿದ್ದು ನಿಂತಿತು. ಬೆಳಗಿನ ಜಾವ ತಗಡಿನ ಮಾಡಿನ ಮೇಲೆ ಜೋರಾದ ಸದ್ದು ಕೇಳಿತು. ಒಂದು ಅಲೆ ಬಂದು ಹೋಗುತ್ತಿತ್ತು, ಸ್ವಲ್ಪ ಬಿಟ್ಟು ಇನ್ನೊಂದು. ಹೂಮಳೆ ಬಂತು ಎಂದುಕೊಂಡೆ. ಕಾಫಿಯ ಮೊಗ್ಗನ್ನು ಅರಳಿಸುವ ಮಳೆಗೆ ನಾವು ಹೂಮಳೆ ಎನ್ನುವುದು. ಅರೆನಿದ್ದೆಯಲ್ಲಿ ನನಗೆ ಗುಡ್ಡಗಳೆಲ್ಲ ಬಿಳಿಯ ಹೂವಾಗಿ ಕಂಡವು, ನಡುವೆ ಕಾಟಿಗಳು ಸದ್ದಿಲ್ಲದೆ ನಡೆದುಹೋಗುತ್ತಿದ್ದವು. ಮತ್ತೆ ನಿದ್ದೆ ಬಂತು.

ಎಂಟಕ್ಕೆ ಅಳೆದೆ. ಎಪ್ಪತ್ತು. ಅಂಗಳದ ಎಲೆಗಳೆಲ್ಲ ತೊಟ್ಟಿಕ್ಕುತ್ತಿದ್ದವು. ಮಣ್ಣಿನ ವಾಸನೆ ಎದ್ದಿತ್ತು. ವಾಚರ್ ಬಂದು ಕಟ್ಟೆಯ ಪಕ್ಕ ನಿಂತರು. ಕಣ್ಣು ಕೆಂಪಾಗಿತ್ತು, ಅಂಗಿಯಲ್ಲಿ ಮಸಿ.

"ಎಷ್ಟಮ್ಮಾ?"

"ಎಪ್ಪತ್ತು."

"ಎಪ್ಪತ್ತಾ? ಮೇಲೆ ನಮ್ಗೆ ಅಷ್ಟೇನೂ ಗೊತ್ತಾಗ್ಲಿಲ್ಲ. ತಗಡು ಸ್ವಲ್ಪ ಹೊತ್ತು ಪಟಪಟ ಅಂತು, ಅಷ್ಟೇ."

"ನಿಮ್ಮ ಐದು ಜನರ ಗೊರಕೆಯಲ್ಲಿ ಮಳೆ ಎಲ್ಲಿ ಕೇಳ್ತದೆ ಮಾರಾಯ್ರೆ."

"ಅದೂ ಹೌದು ಅನ್ನಿ." ಅವರು ಗುಡ್ಡದ ಕಡೆ ನೋಡಿದರು. ಅದು ಮಂಜಿನೊಳಗಿತ್ತು. "ಕೊರಡಿನ ಹೊಗೆನೂ ಬೆಳಿಗ್ಗೆ ಕಾಣ್ಲಿಲ್ಲ. ನೀವು ಅಳೆದ ಮೇಲೆ ಮುಗೀತು. ಜನನ್ನ ಕಳಿಸ್ತೀನಿ, ನಾನೂ ಮನೆಗೆ ಹೋಗಿ ಒಂದು ಸ್ನಾನ ಮಾಡ್ತೀನಿ. ಈಗ ನಮ್ಮ ಮೈ ವಾಸನೆಗೆ ಕಾಡುಹಂದಿನೂ ದಾರಿ ಬಿಡ್ತದೆ."

ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿ ಬಿಸಿಲು ಬಂದಿತ್ತು. ನಾನು ಅಂಗಳದಲ್ಲಿ ಕರಿಮೆಣಸು ಹರಡುತ್ತಿದ್ದೆ. ಆಗ ಕೆಳಗೆ ಪಂಪ್‌ಹೌಸಿನಲ್ಲಿ ಮೋಟರ್ ತಾನಾಗಿ ಶುರುವಾದ ಸದ್ದು ಕೇಳಿತು. ತ್ರೀ ಫೇಸ್ ಕರೆಂಟು ಬಂದಿತ್ತು. ಮನೆಯ ಪಕ್ಕದ ಕಾಫಿ ಸಾಲಿನಲ್ಲಿ ನಿಂತಿದ್ದ ಸ್ಪ್ರಿಂಕ್ಲರ್ ಜೆಟ್ ಒಮ್ಮೆ ಕೆಮ್ಮಿ ನೀರು ಎಸೆಯತೊಡಗಿತು. ನೀರಿನ ಉದ್ದನೆಯ ಬಾಲ ಬಿಸಿಲಿನಲ್ಲಿ ಬಣ್ಣಬಣ್ಣವಾಗಿ ನಿಧಾನ ತಿರುಗಿತು. ಕಾಫಿ ಗಿಡಗಳ ಮೇಲೆ ಬಿತ್ತು. ಬೇಲಿಯ ಮೇಲೆ ಬಿತ್ತು. ಅಂಗಳಕ್ಕೆ ಬಂದು ಮೆಣಸಿನ ಮೇಲೆ, ರೇನ್ ಗೇಜಿನ ಮೇಲೆ, ಕೊನೆಗೆ ತಗಡಿನ ಮಾಡಿನ ಮೇಲೆ ಬಿತ್ತು. ಅದೇ ಸದ್ದು. ಒಂದು ಅಲೆ ಬಂದು ಹೋಯಿತು. ಸ್ವಲ್ಪ ಬಿಟ್ಟು ಇನ್ನೊಂದು.

ನಾನು ಒದ್ದೆಯಾಗುತ್ತ ನಿಂತೇ ಇದ್ದೆ. ಹಿಂದಿನ ದಿನ ಪೈಪು ಆ ಸಾಲಿಗೆ ಸರಿಸಿದ್ದೆವು. ಅಷ್ಟರಲ್ಲಿ ಕರೆಂಟು ಹೋಗಿತ್ತು. ಕರೆಂಟು ಬಂದಾಗ ಮೋಟರನ್ನು ತಾನೇ ಹೊರಡಿಸುವ ಸ್ಟಾರ್ಟರನ್ನು ನಾನು ಆಫ್ ಮಾಡಿರಲಿಲ್ಲ. ಬೆಳಗಿನ ಜಾವ ಕರೆಂಟು ಬಂದು ಹೋಗಿದೆ, ಜೆಟ್ ಓಡಿ ಗೇಜನ್ನು ತುಂಬಿದೆ, ಅದನ್ನೇ ಮಳೆಯೆಂದು ನಾನು ಮಲಗಿ ಕೇಳಿದ್ದೇನೆ. ಬೆಳಿಗ್ಗೆ ಅಳೆಯುವಾಗ ಜೆಟ್ ಇಪ್ಪತ್ತು ಮಾರು ದೂರದಲ್ಲೇ ನಿಂತಿತ್ತು. ಬೇಸಿಗೆಯಲ್ಲಿ ನಮ್ಮ ಕಣ್ಣಿಗೆ ಜೆಟ್ ಕೂಡ ಒಂದು ಗಿಡವಿದ್ದ ಹಾಗೆ. ಕಂಡರೂ ಗಮನಕ್ಕೆ ಬರುವುದಿಲ್ಲ.

ನೀರಿನ ಬಾಲ ಆಚೆ ತಿರುಗಿದಾಗ ಅದರ ಹಿಂದೆ ಗುಡ್ಡ ಕಂಡಿತು. ಗುಡ್ಡದ ಮೇಲೆ ಹೊಗೆ.

ವಾಚರ್ ಫೋನಿಗೆ ನಾಲ್ಕನೇ ಸಲಕ್ಕೆ ಸಿಕ್ಕರು. ಹೊಗೆ ಎಂದೆ.

"ಯಾವ ಕಡೆ?"

"ಕೊರಡಿನ ಕಡೆಯಿಂದ."

"ಗಾಳಿ?"

"ಶೋಲಾದ ಕಡೆಗೆ."

ಅವರು ಫೋನ್ ಇಟ್ಟರು. ಜೆಟ್ಟಿನ ವಿಷಯ ನಾನು ಹೇಳಿರಲಿಲ್ಲ.

ಮೆಣಸು ಕೊಯ್ಯುತ್ತಿದ್ದ ಇಬ್ಬರು ಹೆಂಗಸರನ್ನು ಕರೆದುಕೊಂಡು ಕತ್ತಿ ಹಿಡಿದು ಹತ್ತಿದೆ. ಅವರಲ್ಲಿ ಹಿರಿಯಳು ದಾರಿಯುದ್ದಕ್ಕೂ ಗೊಣಗುತ್ತಿದ್ದಳು. "ಮುಕ್ಕಾಲು ಇಂಚು ಮಳೆ ಬಿದ್ದ ದಿನವೇ ಬೆಂಕಿ ಅಂದ್ರೆ ಎಂಥದು ಅಮ್ಮಾ? ಮೇಲಿರೋನಿಗೂ ಈಗೀಗ ತಲೆ ಸರಿ ಇಲ್ಲ." ನಾನು ಗಡಿಕಲ್ಲಿನ ಹತ್ತಿರ ಬಗ್ಗಿ ಮಣ್ಣು ಕೆದಕಿದೆ. ಉಗುರಿನಷ್ಟು ಆಳ ಒದ್ದೆ. ಅದರ ಕೆಳಗೆ ಪುಡಿ.

ಕೊರಡಿನ ಕಿಡಿ ಗಾಳಿಗೆ ಕೆರೆದ ನೆಲವನ್ನು ದಾಟಿ ಹುಲ್ಲಿಗೆ ಬಿದ್ದಿತ್ತು. ಬೆಂಕಿ ನಾನು ಹೆದರಿದ್ದಕ್ಕಿಂತ ನಿಧಾನವಾಗಿತ್ತು. ಹುಲ್ಲಿನ ಬುಡದಲ್ಲಿ ಇನ್ನೂ ತೇವವಿದ್ದುದರಿಂದ ಅದು ತುದಿಗಳನ್ನಷ್ಟೇ ತಿನ್ನುತ್ತ, ಬಿಳಿಯ ದಪ್ಪ ಹೊಗೆಯನ್ನು ಮುಂದೆ ನೂಕಿಕೊಂಡು ಇಳಿಯುತ್ತಿತ್ತು. ಹೊಗೆಯ ಅಂಚಿನಲ್ಲಿ ಕಾಜಾಣಗಳು ಎದ್ದುಬಂದ ಹುಳಗಳನ್ನು ಹಿಡಿಯುತ್ತ ಆಡುತ್ತಿದ್ದವು. ಒಂದು ಮೊಲ ನನ್ನ ಕಾಲಿನ ಪಕ್ಕವೇ, ನಾನು ಅಲ್ಲಿಲ್ಲವೆಂಬಂತೆ, ಓಡದೆ ಕುಪ್ಪಳಿಸುತ್ತ ಹೋಯಿತು. ಮೇಲಿನ ದಿಬ್ಬದಲ್ಲಿ ಎರಡು ಕಡವೆಗಳು ನಿಂತು ನೋಡುತ್ತಿದ್ದವು. ಇಷ್ಟೆಲ್ಲ ಸುಂದರವಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಸುಂದರವಾಗಿತ್ತು.

ವಾಚರ್ ಇನ್ನೊಂದು ದಾರಿಯಲ್ಲಿ ಪಿಕಪ್ಪಿನಲ್ಲಿ ಮೂವರನ್ನು ಕರೆದುಕೊಂಡು ಬಂದರು. ತಲೆಗೂದಲು ಇನ್ನೂ ಒದ್ದೆ, ಒಗೆದ ಅಂಗಿ. ಬೆಂಕಿಯನ್ನೂ ಮರವನ್ನೂ ಒಂದೊಂದು ಸಲ ನೋಡಿದರು.

"ಎದುರು ಬೆಂಕಿ ಕೊಡ್ಬೇಕು," ಎಂದರು.

"ಮರದ ಬುಡದಲ್ಲೇ?" ಅವರ ಜೊತೆಯವನೊಬ್ಬ ಕಿರುಚಿದ. "ತಲೆ ಕೆಟ್ಟಿದ್ಯಾ ಅಣ್ಣಾ?"

"ಬೇರೆ ದಾರಿ ಇದ್ರೆ ಹೇಳು ಮಾರಾಯ. ಎರಡು ನಿಮಿಷ ಟೈಮಿದೆ."

ಅವನು ಹಸಿ ಸೊಪ್ಪು ಮುರಿಯಲು ಓಡಿದ. ವಾಚರ್ ಒಣಹುಲ್ಲಿನ ಕಟ್ಟು ಹೊತ್ತಿಸಿ ಶೋಲಾದ ಅಂಚಿನುದ್ದಕ್ಕೂ ಬಗ್ಗಿಕೊಂಡು ನಡೆದರು. ಅವರ ಹಿಂದೆ ಬೆಂಕಿಯ ಗೆರೆ ಎದ್ದಿತು. ನಾವು ಹಸಿ ಸೊಪ್ಪು ಹಿಡಿದು, ಅದು ಕಾಡಿನ ಕಡೆ ತಿರುಗದಂತೆ ಬಡಿಯುತ್ತ ನಿಂತೆವು. ಮೊದಲು ಅದು ಹಿಂದೆ ಮುಂದೆ ನೋಡಿತು. ಆಮೇಲೆ ದೊಡ್ಡ ಬೆಂಕಿ ಗಾಳಿಯನ್ನು ಎಳೆದುಕೊಳ್ಳುತ್ತಿದ್ದುದರಿಂದ ಅದರ ಕಡೆಗೇ ಹೋಯಿತು. ಎರಡೂ ಸೇರಿದಲ್ಲಿ ಜ್ವಾಲೆ ಮನೆಯೆತ್ತರ ಎದ್ದು, ಒಂದು ಉಸಿರಿನಷ್ಟು ಹೊತ್ತು ನಿಂತು, ತಿನ್ನಲು ಏನೂ ಇಲ್ಲದೆ ಬಿದ್ದುಹೋಯಿತು.

ಆದರೆ ನಮ್ಮ ಬೆನ್ನ ಹಿಂದೆ ಒಂದು ನಾಲಗೆ ಒಣ ತರಗೆಲೆಯ ಮೇಲೆ ಹರಿದು ಒಳಗೆ ಹೋಗಿತ್ತು. ಹಿರಿಯ ಹೆಂಗಸು ಕೂಗಿದಾಗಲೇ ನೋಡಿದ್ದು. ಧೂಪದ ಮರದ ತೊಗಟೆಯಲ್ಲಿ ಅಂಟು ಇಳಿದು ಗಟ್ಟಿಯಾಗಿರುತ್ತದೆ. ಬೆಂಕಿ ಅದನ್ನು ಹಿಡಿದು ಎರಡಾಳು ಎತ್ತರ ಏರಿತು, ಪೂಜೆಯ ವಾಸನೆ ಬಂತು. ಕಪ್ಪು ಹೊಗೆ ಕಾಂಡವನ್ನು ತಬ್ಬಿಕೊಂಡು ಪೊಟರೆಯನ್ನು ದಾಟಿ ಮೇಲೆ ಹೋಯಿತು. ವಾಚರ್ ಸೊಪ್ಪಿನಿಂದ ಬಡಿದರು, ಅದು ಸುಟ್ಟುಹೋದಾಗ ಒಗೆದ ಅಂಗಿಯನ್ನೇ ಬಿಚ್ಚಿ ಬಡಿದರು. ನಾವು ಶೋಲಾದೊಳಗಿನ ತೊರೆಯ ಕೆಸರು ಬಾಚಿ ಬಾಚಿ ಎಸೆದೆವು.

ನಾಲ್ಕು ಗಂಟೆಗೆ ಎಲ್ಲ ಆರಿತು. ಎಲ್ಲರೂ ತಲೆ ಎತ್ತಿ ನಿಂತೆವು. ಸೀಳಿನಲ್ಲಿ ಏನೂ ಕಾಣಲಿಲ್ಲ. ಸದ್ದಿಲ್ಲ. ಗಂಡುಹಕ್ಕಿಯ ಸುಳಿವಿಲ್ಲ. ವಾಚರ್ ಕಾಂಡದ ಮೇಲೆ ಅಂಗೈ ಇಟ್ಟು, ಬಿಸಿಗೆ ತೆಗೆದು, ಮತ್ತೆ ಇಟ್ಟರು.

ಸಂಜೆ ಫಾರೆಸ್ಟರ್ ಬಂದರು. ಬೂದಿಯ ಮೇಲೆ ನಿಂತು ಕೇಳಿದರು, "ಕಾವಲು ಬಿಟ್ಟು ಹೋಗೋಕೆ ಯಾರ್ರೀ ಹೇಳಿದ್ದು?"

"ನಾನೇ ಸಾರ್. ಮಳೆ ಬಂತು ಅಂತ ಎಲ್ರನ್ನೂ ಕಳಿಸ್ದೆ."

"ಎಲ್ಲಿ ಬಂತು?" ಅವರು ಬೂಟಿನಿಂದ ನೆಲ ಒದ್ದರು. ಧೂಳೆದ್ದಿತು. "ಇದಾ ಮಳೆ? ನಾಳೆಯಿಂದ ನಿಮ್ಮನ್ನ ಇಟ್ಕೊಳ್ಬೇಕಾ ಬೇಡ್ವಾ ನಾನು ಯೋಚ್ನೆ ಮಾಡ್ಬೇಕಾಗ್ತದೆ."

ವಾಚರ್ ನನ್ನ ಕಡೆ ನೋಡಲಿಲ್ಲ. ನನ್ನ ಹೆಸರೂ ಎತ್ತಲಿಲ್ಲ. ನಾನು ಐದು ಹೆಜ್ಜೆ ದೂರದಲ್ಲಿದ್ದೆ. ಹೇಳಲು ಬಾಯಿ ತೆರೆದೆ, ಹೊಗೆಗೆ ಕೆಮ್ಮು ಬಂತು. ಕೆಮ್ಮು ನಿಂತಿತು. ನಿಂತ ಮೇಲೂ ನಾನು ಮಾತಾಡಲಿಲ್ಲ.

ಮರುದಿನ ಬೆಳಕಾಗುತ್ತಲೇ ಮೇಲೆ ಹೋದೆ. ಫಾರೆಸ್ಟರ್ ಮೊಬೈಲ್ ಹಿಡಿದು ಸುಟ್ಟ ಜಾಗದ ಅಂಚಿನಲ್ಲಿ ನಡೆಯುತ್ತ ಅಳತೆ ತೆಗೆಯುತ್ತಿದ್ದರು. ವಾಚರ್ ಸ್ವಲ್ಪ ಹಿಂದೆ ಇದ್ದರು. ಇಬ್ಬರಿಗೂ ಕೇಳುವಂತೆ ಹೇಳಿದೆ. ಜೆಟ್, ಸ್ಟಾರ್ಟರ್, ಬೆಳಗಿನ ಜಾವದ ಸದ್ದು, ಮಧ್ಯಾಹ್ನವೇ ಗೊತ್ತಾಗಿದ್ದೂ ಸಂಜೆ ಸುಮ್ಮನಿದ್ದದ್ದು. ಒಂದನ್ನೂ ಬಿಡಲಿಲ್ಲ.

"ಹಾಗಾದ್ರೆ ನಿಜವಾದ ಮಳೆ ಎಷ್ಟು ಮೇಡಂ?"

"ಗೊತ್ತಿಲ್ಲ."

"ಅಂದಾಜು ಹೇಳಿ, ಬರ್ಕೊಳ್ತೀನಿ."

"ಇನ್ನು ಅಂದಾಜು ಹೇಳಲ್ಲ."

ಅವರು ನಾನು ಹೇಳಿದ್ದನ್ನು ಬರೆದು ಸಹಿ ಮಾಡಿಸಿಕೊಂಡರು. ಆಮೇಲೆ ವಾಚರ್ ಕಡೆ ತಿರುಗಿದರು. "ಅವ್ರು ಹೇಳಿದ್ರು ಸರಿ. ನೀವೂ ಒಂದ್ಸಲ ಮಣ್ಣು ಮುಟ್ಟಿ ನೋಡ್ಬಹುದಿತ್ತಲ್ರೀ. ಇಷ್ಟು ವರ್ಷದವ್ರು."

"ಹೌದು ಸಾರ್," ಎಂದರು ವಾಚರ್.

"ಕೆಲ್ಸ ನೋಡ್ಕೊಳ್ಳಿ ಹೋಗಿ."

ವಾಚರ್ ಶೋಲಾದ ಕಡೆ ಹೊರಟರು. ಬನ್ನಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಾನು ಹಿಂದೆ ಹೋದೆ. ಮರದಿಂದ ನಲವತ್ತು ಹೆಜ್ಜೆ ಈಚೆ ಒಂದು ಬಂಡೆಯ ಮರೆಯಲ್ಲಿ ಅವರು ಕೂತರು, ನಾನೂ ಕೂತೆ. ಗಂಡುಹಕ್ಕಿ ಸಾಮಾನ್ಯವಾಗಿ ಏಳೂವರೆಗೆ ಮೊದಲ ಹಣ್ಣು ತರುತ್ತದೆ. ಆಗಲೇ ಎಂಟೂವರೆ.

"ನಾನು ನಿನ್ನೆ ಫೋನಿನಲ್ಲೇ..." ಎಂದು ಶುರು ಮಾಡಿದೆ.

"ಸುಮ್ನಿರಿ ಅಮ್ಮಾ. ಮಾತು ಕೇಳಿದ್ರೆ ಅವನು ಬರಲ್ಲ."

ಮಂಜು ಕಣಿವೆಯನ್ನು ತುಂಬಿ ಸುಟ್ಟ ನೆಲದ ಮೇಲೆ ಬಂತು. ಕಪ್ಪಿನ ಮೇಲೆ ಬಿಳಿ. ಬೂದಿಯ ವಾಸನೆ ತಣ್ಣಗೆ ಮುಖಕ್ಕೆ ತಾಗುತ್ತಿತ್ತು. ಎಲ್ಲೋ ಕಾಟಿಯೊಂದು ಮೂಗಿನಿಂದ ಉಸಿರು ಬಿಟ್ಟ ಸದ್ದು. ಮರ ಮಂಜಿನಲ್ಲಿ ಮರೆಯಾಗುತ್ತಿತ್ತು, ಮತ್ತೆ ಸೊಂಟದವರೆಗೆ ಕಾಣುತ್ತಿತ್ತು, ಮತ್ತೆ ಮರೆಯಾಗುತ್ತಿತ್ತು. ಎಷ್ಟು ಹೊತ್ತು ಹಾಗಿದ್ದೆವೋ. ಒಂಬತ್ತು ಕಳೆದದ್ದು ಗೊತ್ತು, ಹತ್ತರ ಬಿಸಿಲು ಬಂದದ್ದು ಗೊತ್ತು.

ಆಗ ಒದ್ದೆ ಕಂಬಳಿ ಒದರಿದಂಥ ಸದ್ದು, ಒಂದಾದ ಮೇಲೊಂದು, ದೂರದಿಂದ. ಗಂಡುಹಕ್ಕಿ ಬಂದು ಆಚೆಯ ಮರದಲ್ಲಿ ಕೂತಿತು. ಕಪ್ಪಾದ ಕಾಂಡವನ್ನು ತಲೆ ಓರೆ ಮಾಡಿ ನೋಡಿತು. ಎದ್ದು ಹೊರಟುಹೋಯಿತು. ವಾಚರ್ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಸದ್ದು. ಈ ಸಲ ನೇರ ಪೊಟರೆಯ ಬಾಯಿಗೇ ಬಂದು ತೊಗಟೆಯನ್ನು ಕಚ್ಚಿ ಹಿಡಿದು ನಿಂತಿತು. ಗಂಟಲಿನಿಂದ ಒಂದು ಗೋಣಿಮರದ ಹಣ್ಣನ್ನು ಕೊಕ್ಕಿನ ತುದಿಗೆ ತಂದು ಸೀಳಿಗೆ ಹಿಡಿಯಿತು.

ಏನೂ ಆಗಲಿಲ್ಲ.

ಅದು ಹಣ್ಣನ್ನು ಹಾಗೇ ಹಿಡಿದುಕೊಂಡಿತ್ತು. ನಂತರ ನುಂಗಿಕೊಂಡಿತು. ಕೊಕ್ಕಿನಿಂದ ಮೆತ್ತಿದ ಗೋಡೆಯನ್ನು ಎರಡು ಸಲ ಬಡಿಯಿತು. ಮತ್ತೆ ಹಣ್ಣನ್ನು ಮೇಲೆ ತಂದು ಹಿಡಿಯಿತು. ವಾಚರ್ ಕೈ ಪಕ್ಕದ ಹುಲ್ಲನ್ನು ಹಿಡಿದುಕೊಂಡಿತ್ತು. ಬೆರಳುಗಳ ಮೇಲೆ ಸುಟ್ಟ ಬೊಬ್ಬೆಗಳು ಎದ್ದಿದ್ದವು.

ಸೀಳಿನಲ್ಲಿ ಹಳದಿಯ ಏನೋ ಅಲುಗಿತು. ಕೊಕ್ಕಿನ ತುದಿ. ಹಣ್ಣು ಒಳಗೆ ಹೋಯಿತು.

"ಒಂದು," ಎಂದರು ವಾಚರ್, ತುಟಿಯಲ್ಲೇ. "ಎರಡು. ಮೂರು." ಹದಿನಾಲ್ಕರವರೆಗೆ ಎಣಿಸಿದರು. ಆಮೇಲೆ ಸೀಳಿನಿಂದ ಬಿಳಿಯ ಹಿಕ್ಕೆ ಚಿಮ್ಮಿ, ಅರವತ್ತು ಅಡಿ ಕೆಳಗೆ ಸುಟ್ಟ ನೆಲದ ಮೇಲೆ ಪಚಕ್ಕೆಂದು ಬಿತ್ತು.

"ನೋಡಿದ್ರಾ," ಎಂದು ಅವರು ನನ್ನ ಕಡೆ ತಿರುಗಿದರು. ಆ ದಿನ ಮೊದಲ ಸಲ. "ನಮ್ಮಿಬ್ರಿಗೂ ಸೇರ್ಸಿ ಕೊಟ್ಲು." ನಕ್ಕರು. ನಗುತ್ತಲೇ ಮಸಿಯ ಕೈಯಿಂದ ಕಣ್ಣೊರೆಸಿಕೊಂಡರು, ಮುಖವೆಲ್ಲ ಕಪ್ಪಾಯಿತು. ನಾನು ನಗಲು ಹೋಗಿ ಅತ್ತುಬಿಟ್ಟೆ. ಅವರು ಅದನ್ನು ಕಾಣದವರಂತೆ ಮೇಲೆ ನೋಡುತ್ತ ಕೂತರು.

ಗಂಡು ಹಾರಿಹೋದ ಮೇಲೂ ನಾವು ಏಳಲಿಲ್ಲ.

"ಇನ್ನೊಂದ್ಸಲ ಬರ್ತಾನೆ, ಹನ್ನೊಂದೂವರೆಗೆ," ಎಂದರು. "ನೋಡ್ಕೊಂಡೇ ಹೋಗಿ ಅಮ್ಮಾ."

ಹೂಂ ಎಂದೆ.